ಕಾಫಿ ತೋಟದಿಂದ ಪ್ರಜಾ ಸಭೆಗೆ

ರಾಬರ್ಟ್ ಎಲಿಯಟ್ ಎಂಬ ರೈತರ ಕತೆ ಇದು. ಅವರ ಊರು ಸ್ಕಾಟ್ಲೆಂಡ್. ಅದು ಇಂಗ್ಲೆಂಡಿನ ಉತ್ತರಕ್ಕಿದೆ, ಬಹಳ ಚಳಿಯ ದೇಶ. 1837ರಲ್ಲಿ ಹುಟ್ಟಿದರು. ಇನ್ನೂ ಇಪ್ಪತ್ತು ತುಂಬುವ ಮೊದಲೇ ಹಡಗು ಹತ್ತಿ ನಮ್ಮ ಕಡೆ ಬಂದರು. ಮೈಸೂರು ಸೀಮೆಯ ಮಂಜರಾಬಾದಿನಲ್ಲಿ, ಅಂದ್ರೆ ಈಗಿನ ಸಕಲೇಶಪುರದ ಕಡೆ, ಕಾಡಿನ ಜಮೀನು ಹಿಡಿದು ಕಾಫಿ ಹಾಕಿದರು. ಆಗ ಬಿಳಿಯರದೇ ಆಳ್ವಿಕೆ. ಅವರಿಗೆ ಜಮೀನು ಸಿಗುವುದು ಸುಲಭವಿತ್ತು. ಬೇಸಾಯ ಮಾತ್ರ ಸುಲಭವಿರಲಿಲ್ಲ.

1860ರ ದಶಕದಲ್ಲಿ ಕಾಫಿಗೆ ಹುಳ ಬಿತ್ತು. ಗಿಡದ ಕಾಂಡ ಕೊರೆದು ಒಳಗೇ ತಿನ್ನುವ ಹುಳ. ತೋಟಕ್ಕೆ ತೋಟವೇ ಒಣಗಿತು. ಬಿಸಿಲು ಬಿದ್ದ ಕಡೆ ಹುಳ ಹೆಚ್ಚು, ನೆರಳಿದ್ದ ಕಡೆ ಕಡಿಮೆ. ಇದನ್ನು ಕಂಡ ಬೆಳೆಗಾರರು ಅತ್ತಿ, ಬಸರಿ, ಗೋಣಿ ಮರಗಳ ನೆರಳಿನಲ್ಲಿ ಕಾಫಿ ಬೆಳೆದರು. ಕೊಡಗಿನ ತಳಿಯನ್ನೂ ತಂದು ನೆಟ್ಟರು. ನೆರಳಿನ ಮರ ಬೇಕೇ ಬೇಕು ಅಂತ ಎಲಿಯಟ್ ತಮ್ಮ ಪುಸ್ತಕದಲ್ಲಿ ಒತ್ತಿ ಬರೆದಿದ್ದಾರೆ.

ಇಷ್ಟರಲ್ಲಿ ದೊಡ್ಡ ಬರ ಬಂತು. 1876ರಿಂದ 1878ರ ಆ ಬರ ನಮ್ಮ ಆದವಾನಿಯನ್ನೂ ಬಿಡಲಿಲ್ಲ. ಆಗ ನಾವು ಬಳ್ಳಾರಿ ಜಿಲ್ಲೆಯಲ್ಲಿದ್ದೆವು. ಮದ್ರಾಸ್ ಸರ್ಕಾರಕ್ಕೆ ಸೇರಿದ್ದೆವು.

ಬರದ ನಂತರ, 1881ರಲ್ಲಿ, ಮೈಸೂರಿನ ದಿವಾನ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ 144 ಮಂದಿ ಬಂದಿದ್ದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸಭೆ ಕೂಡುತ್ತಿತ್ತು. ದಿವಾನರು ವರ್ಷದ ಜಮಾ ಖರ್ಚು ಓದುತ್ತಿದ್ದರು. ಸದಸ್ಯರು ಎದ್ದು ತಮ್ಮ ತಾಲೂಕಿನ ಕಷ್ಟ ಹೇಳುತ್ತಿದ್ದರು. ಕಾನೂನು ಮಾಡುವ ಅಧಿಕಾರ ಮಾತ್ರ ಅವರಿಗೆ ಇರಲಿಲ್ಲ. ಆಮೇಲೆ ಚುನಾವಣೆ ಬಂತು. ಅದೂ ಆಸ್ತಿವಂತರಿಗೆ, ಓದಿದವರಿಗೆ. ಹೆಂಗಸರಿಗೆ ಓಟಿಲ್ಲ, ಕೂಲಿಯವರಿಗೂ ಇಲ್ಲ. ಎಲಿಯಟ್ ತೋಟದಲ್ಲಿ ಗಿಡ ನೆಟ್ಟ ಕೂಲಿಯವರ ಮಾತು ಅಲ್ಲಿಗೆ ಮುಟ್ಟಿದ್ದು ಕಡಿಮೆಯೇ.

1890ರ ದಶಕದ ಆರಂಭದಲ್ಲಿ ಎಲಿಯಟ್ ಕಾಫಿ ಬೆಳೆಗಾರರ ಪರವಾಗಿ ಈ ಸಭೆಯಲ್ಲಿ ಕೂತರು. ಪರದೇಶದ ರೈತ, ನಮ್ಮ ರೈತರ ಜೊತೆ! ಸಭೆಯನ್ನು ಅವರು ಮೆಚ್ಚಿದರು. ಆದರೆ ಕಾಂಗ್ರೆಸ್ಸನ್ನು ಒಪ್ಪಲಿಲ್ಲ. ಎರಡನ್ನೂ 1894ರ ತಮ್ಮ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ ಬರೆದರು.

ಸ್ಕಾಟ್ಲೆಂಡಿನಲ್ಲೂ ಅವರಿಗೆ ಹೊಲವಿತ್ತು. ಅಲ್ಲಿ ಮಣ್ಣು ಸೊರಗಿತ್ತು. ಆಳಕ್ಕೆ ಬೇರು ಬಿಡುವ ಹುಲ್ಲು, ಸೊಪ್ಪಿನ ಗಿಡಗಳನ್ನು ಬಿತ್ತಿದರು. ಕೆಲವು ವರ್ಷ ಅಲ್ಲಿ ದನ ಕುರಿ ಮೇಯಿಸಿದರು. ಆಮೇಲೆ ಆ ಹುಲ್ಲನ್ನೇ ಮಣ್ಣಿಗೆ ಮಗುಚಿ ಹಾಕಿ ಬೆಳೆ ಇಟ್ಟರು. ಬೇರು ಕೊಳೆತು ಗೊಬ್ಬರವಾಯಿತು. ಇದರ ಬಗ್ಗೆ 1898ರಲ್ಲಿ ಇನ್ನೊಂದು ಪುಸ್ತಕ ಬರೆದರು. 1914ರಲ್ಲಿ ತೀರಿಕೊಂಡರು.