ನೂರರಲ್ಲಿ ತೊಂಬತ್ತು ಲೀಟರ್ ಕುಡಿದವರು ಯಾರು?

2024ರ ಮಾರ್ಚ್ ತಿಂಗಳು ನೆನಪಿದೆ ತಾನೆ? ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿ ಹೋಗಿವೆ ಅಂತ ಸರ್ಕಾರವೇ ಹೇಳಿದ ತಿಂಗಳು. ನಾನಿರೋ ಆರ್.ಟಿ. ನಗರದಲ್ಲಿ ಬೆಳಗ್ಗೆ ಎದ್ದ ತಕ್ಷಣ ಸಂಪ್ ಮುಚ್ಚಳ ಎತ್ತಿ ಇಣುಕೋದು, ಆಮೇಲೆ ಟ್ಯಾಂಕರ್‌ನವರಿಗೆ ಫೋನ್ ಹಚ್ಚೋದು, ಇದೇ ದಿನಚರಿ. ಆ ದಿನಗಳಲ್ಲಿ ಒಂದು ಮೆಸೇಜ್ ಮೊಬೈಲಿಂದ ಮೊಬೈಲಿಗೆ ಓಡಾಡಿತು. "ಈ ರಾಜ್ಯದ ನೀರಲ್ಲಿ ನೂರಕ್ಕೆ ತೊಂಬತ್ತು ಪಾಲು ರೈತರೇ ಬಳಸ್ತಾರೆ, ನಮಗೆ ಮಾತ್ರ ನಲ್ಲಿ ತಿರುಗಿಸಬೇಡಿ ಅಂತ ಪಾಠ." ನೀವೂ ಓದಿರ್ತೀರಿ. ಬಹುಶಃ ಫಾರ್ವರ್ಡ್ ಕೂಡ ಮಾಡಿರ್ತೀರಿ.

ಇದೇ ಮಾತು ಕೋಲಾರಕ್ಕೋ ಮಂಡ್ಯಕ್ಕೋ ಹೋದರೆ ತಲೆಕೆಳಗಾಗುತ್ತೆ. ಅಲ್ಲಿ ಕೇಳಿ ನೋಡಿ: "ನೀರೆಲ್ಲ ಬೆಂಗಳೂರೋರಿಗೇ ಹೋಗ್ತದೆ ಕಣಪ್ಪ, ನಮಗೆಲ್ಲೈತೆ?" ಇನ್ನು ವಿಧಾನಸೌಧದ ಕಡತಗಳಲ್ಲಿ ಮೂರನೇ ನಂಬಿಕೆ ಒಂದಿದೆ: ರೈತನಿಗೆ ನೀರು ಕಟ್ಟೋಕೆ ಬರಲ್ಲ, ಡ್ರಿಪ್ ಹಾಕಿಸಿಕೊಟ್ಟರೆ ಎಲ್ಲ ಸರಿಹೋಗುತ್ತೆ. ಮೂರರಲ್ಲೂ ಒಂದಿಷ್ಟು ನಿಜ ಇದೆ, ಮೂರರಲ್ಲೂ ಲೆಕ್ಕ ಒಂದೇ ಜಾಗದಲ್ಲಿ ತಪ್ಪುತ್ತೆ. ಆ ಜಾಗ ಯಾವುದು ಅಂತ ಇವತ್ತು ನೋಡೋಣ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಸ್ವಲ್ಪ ಗುಣಾಕಾರ ಭಾಗಾಕಾರ ಇರುತ್ತೆ. ಸಹಿಸ್ಕೊಳ್ಳಿ.

ಮೊದಲು ಆ ತೊಂಬತ್ತರ ಸಂಖ್ಯೆ. ಅದು ಸುಳ್ಳಲ್ಲ. ಕರ್ನಾಟಕದಲ್ಲಿ ನೆಲದೊಳಗಿಂದ ಎತ್ತುವ ನೀರಿನಲ್ಲಿ ಹೆಚ್ಚುಕಡಿಮೆ ಶೇ 90ರಷ್ಟು ನೀರಾವರಿಗೇ ಹೋಗುತ್ತೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಕ್ಕೆ ಇಂಗುವುದಕ್ಕಿಂತ ಹೆಚ್ಚು ನೀರು ಮೇಲಕ್ಕೆ ಬರ್ತಿದೆ. ಬ್ಯಾಂಕಲ್ಲಿರೋ ಅಸಲನ್ನೇ ಕರಗಿಸ್ತಿದ್ದೀವಿ ಅಂದಂಗೆ. ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಸುಮ್ಮನೆ ಅಲ್ಲ.

ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು ಅಂತ ಇಟ್ಟುಕೊಳ್ಳಿ. ಎಕರೆ ಅಂದರೆ 4,047 ಚದರ ಮೀಟರ್. ಗುಣಿಸಿದರೆ ಸುಮಾರು 48 ಲಕ್ಷ ಲೀಟರ್. ಆರ್.ಟಿ. ನಗರದಲ್ಲಿ ನಾಲ್ಕು ಜನರ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ವರ್ಷಕ್ಕೆ ಎರಡು ಲಕ್ಷ ಲೀಟರ್ ಹತ್ತಿರ. ಅಂದರೆ ಒಂದು ಎಕರೆ ಗದ್ದೆಯ ಒಂದು ಬೆಳೆಯ ನೀರಲ್ಲಿ ಇಪ್ಪತ್ನಾಲ್ಕು ಮನೆಗಳು ವರ್ಷವಿಡೀ ಬದುಕಬಹುದು. ಮೆಸೇಜ್ ಕಳಿಸಿದವರು ಗೆದ್ದರಾ? ತಡೀರಿ.

ಗದ್ದೆಗೆ ಬಿಟ್ಟ ಆ 48 ಲಕ್ಷ ಲೀಟರ್ ಎಲ್ಲಿಗೆ ಹೋಯ್ತು? ಒಂದು ಪಾಲನ್ನು ಗಿಡ ಹೀರಿ ಎಲೆಯಿಂದ ಆವಿಯಾಗಿ ಬಿಡುತ್ತೆ, ನೆಲದ ಮೇಲಿಂದಲೂ ಆವಿ ಹೋಗುತ್ತೆ. ಅದು ಹೋದರೆ ಹೋಯ್ತು, ಮೋಡವಾಗಿ ಯಾವ ಊರಲ್ಲಿ ಸುರಿಯುತ್ತೋ ಏನೋ. ಇನ್ನೊಂದು ಪಾಲು ಕೆಳಗೆ ಇಂಗುತ್ತೆ, ಬದುವಿನಾಚೆ ಹರಿದು ಕೆಳಗಿನ ಗದ್ದೆಗೋ ಹಳ್ಳಕ್ಕೋ ಸೇರುತ್ತೆ. ಅದು ಕಳೆದುಹೋದ ನೀರಲ್ಲ, ಕೆಳಗಿನೂರಿನವರ ನೀರು. ಎತ್ತಿದ ನೀರು ಬೇರೆ, ಮುಗಿದ ನೀರು ಬೇರೆ. ನಮ್ಮ ಮೆಸೇಜು, ಬಜೆಟ್ ಭಾಷಣ, ಟಿವಿ ಚರ್ಚೆ ಎಲ್ಲವೂ ಎತ್ತಿದ್ದನ್ನು ಎಣಿಸ್ತವೆ, ಮುಗಿದದ್ದನ್ನು ಎಣಿಸಲ್ಲ. ಬೆಂಗಳೂರಿನದ್ದನ್ನೂ ಹೀಗೇ ನೋಡಿ. ಕಾವೇರಿ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ 77.5 ಕೋಟಿ ಲೀಟರ್ ಸೇರಿಸಿದರೆ ವರ್ಷಕ್ಕೆ ಸುಮಾರು 28 ಟಿಎಂಸಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ರಾಜ್ಯಕ್ಕೆ ಸಿಕ್ಕಿದ್ದು 284.75 ಟಿಎಂಸಿ, ಅದರಲ್ಲಿ ಇದು ಹತ್ತನೇ ಒಂದು ಪಾಲು. "ನೀರೆಲ್ಲ ಬೆಂಗಳೂರಿಗೇ" ಅನ್ನೋದೂ ಹಾಗಾಗಿ ನಿಲ್ಲಲ್ಲ. ಮನೆಗೆ ಬಂದ ನೀರಲ್ಲಿ ಶೇ 80ರಷ್ಟು ಮತ್ತೆ ಚರಂಡಿಗೆ ಬರುತ್ತೆ ಅನ್ನೋದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ನಾವು ನೀರನ್ನು ಮುಗಿಸೋದು ಕಡಿಮೆ, ಕೊಳೆ ಮಾಡೋದು ಜಾಸ್ತಿ.

ಈ ವ್ಯತ್ಯಾಸ ನಮ್ಮ ರೈತರಿಗೆ ಗೊತ್ತಿಲ್ಲ ಅಂದುಕೊಂಡಿದ್ದರೆ ನೀಲಗಿರಿ ಕಥೆ ಕೇಳಿ. ಸಾಮಾಜಿಕ ಅರಣ್ಯ ಅನ್ನೋ ಹೆಸರಲ್ಲಿ ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ತುಂಬ ನೀಲಗಿರಿ ನೆಟ್ಟರು. ವಿಶ್ವಬ್ಯಾಂಕ್ ದುಡ್ಡೂ ಬಂತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದರು. "ಈ ಮರ ನೆಲದ ನೀರು ಕುಡೀತದೆ" ಅನ್ನೋದು ಅವರ ದೂರು. ಅಧಿಕಾರಿಗಳು ಅದನ್ನ ಮೂಢನಂಬಿಕೆ ಅನ್ನೋ ಥರ ನೋಡಿದರು, ಕೇಸೂ ಹಾಕಿದರು.

ಆಮೇಲೆ ಅಳತೆ ಮಾಡಿದರು. ಇಯಾನ್ ಕಾಲ್ಡರ್ ಅನ್ನೋ ಬ್ರಿಟಿಷ್ ಜಲವಿಜ್ಞಾನಿಯ ತಂಡ ಇಲ್ಲಿನ ಸಂಸ್ಥೆಗಳ ಜೊತೆ ಸೇರಿ ಹೊಸಕೋಟೆಯಲ್ಲಿ, ಶಿವಮೊಗ್ಗ ಕಡೆ ಮರಗಳೊಳಗಿನ ನೀರಿನ ಓಟವನ್ನೇ ಅಳೆಯಿತು. ಹೊಸಕೋಟೆಯ ಆಳವಾದ ಮಣ್ಣಿನ ಹೊಲದಲ್ಲಿ ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರ್. ನೀಲಗಿರಿ ಖಾಲಿ ಮಾಡಿದ ನೀರು ಸುಮಾರು 3,400. ಬಿದ್ದದ್ದಕ್ಕಿಂತ ಹೆಚ್ಚು ಕುಡಿದಿದ್ದು ಹೇಗೆ? ಬೇರು ವರ್ಷವರ್ಷ ಕೆಳಗಿಳಿದು, ಹಿಂದೆ ಯಾವಾಗಲೋ ಮಣ್ಣಲ್ಲಿ ಕೂತಿದ್ದ ನೀರನ್ನೂ ಎಳೆದುಕೊಂಡಿತ್ತು. ಆದರೆ ಶಿವಮೊಗ್ಗ ಕಡೆ ನೀಲಗಿರಿಗೂ ಅಲ್ಲಿನ ನಾಡಕಾಡಿಗೂ ಅಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ರಾಗಿ ಹೊಲಕ್ಕಿಂತ ಸುಮಾರು ಎರಡು ಪಟ್ಟು ನೀರು ಬಳಸ್ತಿದ್ದವು. ಅಂದರೆ "ಮರ ನೆಟ್ಟರೆ ನೀರು ಹೆಚ್ಚುತ್ತೆ" ಅನ್ನೋ ನಮ್ಮೆಲ್ಲರ ಪ್ರೀತಿಯ ನಂಬಿಕೆಗೂ ಸ್ವಲ್ಪ ಪೆಟ್ಟು ಬಿತ್ತು. ಮರದಿಂದ ಬೇರೆ ನೂರು ಉಪಯೋಗ ಇದೆ, ಆದರೆ ಅದೂ ನೀರು ಕುಡಿಯೋ ಜೀವಿಯೇ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಸಸಿ ಕಿತ್ತ 34 ವರ್ಷಕ್ಕೆ!

ಈಗ ಡ್ರಿಪ್ ವಿಷಯ, ಇದರ ಬಗ್ಗೆ ಮಾತಾಡಿದರೆ ಬೈಗುಳ ಗ್ಯಾರಂಟಿ. ರಾಜ್ಯದಲ್ಲಿ ಹನಿ ನೀರಾವರಿಗೆ ಶೇ 90ರವರೆಗೂ ಸಬ್ಸಿಡಿ ಇದೆ. ಕೋಲಾರದ ರೈತರು ಡ್ರಿಪ್‌ನಲ್ಲಿ ಎಲ್ಲರಿಗಿಂತ ಮುಂದಿದ್ದಾರೆ. ಹಾಗಿದ್ದ ಮೇಲೆ ಅಂತರ್ಜಲ ಮೇಲೆ ಬರಬೇಕಿತ್ತಲ್ಲ? ಅದೇ ಡ್ರಿಪ್ ಇರೋ ಊರುಗಳಲ್ಲೇ ಬೋರ್ ಇನ್ನೂ ಕೆಳಗೆ ಹೋಯ್ತು.

ಉದಾಹರಣೆಗೆ ಹೀಗೆ ಯೋಚನೆ ಮಾಡಿ. ಒಬ್ಬ ರೈತರ ಬೋರ್ ದಿನಕ್ಕೆ ನೂರು ಬಿಂದಿಗೆ ನೀರು ಕೊಡುತ್ತೆ. ಕಾಲುವೆ ತೆಗೆದು ಹಾಯಿಸಿದರೆ ಎರಡು ಎಕರೆಗೆ ಸಾಕು. ಅದರಲ್ಲಿ ಅರವತ್ತು ಬಿಂದಿಗೆ ಬೆಳೆ ಕುಡಿದು ಆವಿಯಾಯ್ತು, ನಲವತ್ತು ಇಂಗಿತು. ಡ್ರಿಪ್ ಬಂತು. ಎರಡು ಎಕರೆಗೆ ಈಗ ಕಡಿಮೆ ನೀರು ಸಾಕು. ಉಳಿದದ್ದನ್ನ ಅವರು ನೆಲದಲ್ಲೇ ಬಿಡ್ತಾರಾ? ಯಾಕೆ ಬಿಡಬೇಕು? ಪಕ್ಕದಲ್ಲಿ ಒಂದೂಕಾಲು ಎಕರೆ ಬೀಳು ಬಿದ್ದಿದೆ, ಅದಕ್ಕೂ ಟೊಮೆಟೊ ಹಾಕ್ತಾರೆ. ಬೋರ್ ಎತ್ತೋದು ಅದೇ ನೂರು ಬಿಂದಿಗೆ. ಆವಿಯಾಗೋದು ಈಗ ತೊಂಬತ್ತು, ಇಂಗೋದು ಹತ್ತು. ರೈತರ ಆದಾಯ ಏರಿತು, ಕೂಲಿ ಉಳಿಯಿತು, ಗೊಬ್ಬರ ಬೇರಿಗೇ ಸಿಕ್ಕಿತು. ಇದೆಲ್ಲ ಒಳ್ಳೇದೇ. ನೆಲದ ಲೆಕ್ಕದಲ್ಲಿ ಮಾತ್ರ ಮೂವತ್ತು ಬಿಂದಿಗೆ ಕಡಿಮೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ನೀರಿನ ತಜ್ಞರು ಇದನ್ನೇ ನೀರಾವರಿ ದಕ್ಷತೆಯ ವಿರೋಧಾಭಾಸ ಅಂತ ಕರೆದು ಬರೆದರು. ಆವಿಯನ್ನ ಅಳೆಯದೆ, ಎತ್ತೋದಕ್ಕೆ ಮಿತಿ ಹಾಕದೆ ಬರೀ ಪೈಪ್ ಕೊಟ್ಟರೆ ನೀರು ಉಳಿಯಲ್ಲ ಅನ್ನೋದು ಅದರ ಸಾರ. ಕೋಲಾರದ ಗಟ್ಟಿ ಬಂಡೆಯಲ್ಲಿ ಇಂಗಿದ ನೀರು ಸಾವಿರ ಅಡಿಗೆ ತಲುಪೋಕೆ ಎಷ್ಟೋ ಕಾಲ ಬೇಕು, ಹಾಗಾಗಿ ಆ ನಲವತ್ತೂ ಪೂರ್ತಿ ವಾಪಸ್ ಬರ್ತಿತ್ತು ಅನ್ನಲ್ಲ ನಾನು. ಆದರೆ ಸಬ್ಸಿಡಿ ಕೊಟ್ಟ ಹೆಕ್ಟೇರ್ ಎಣಿಸಿ "ಇಷ್ಟು ನೀರು ಉಳಿಸಿದೆವು" ಅನ್ನೋ ಸರ್ಕಾರಿ ಜಾಹೀರಾತನ್ನ ನಂಬಬೇಡಿ.

"ರಾತ್ರಿಯಿಡೀ ಮೋಟರ್ ಬಿಟ್ಟು ಮಲಗ್ತಾರೆ" ಅನ್ನೋದು ಇನ್ನೊಂದು ಆರೋಪ. ಹೌದು, ಮಲಗ್ತಾರೆ. ಯಾಕೆ ಅಂತ ಕೇಳಿದ್ದೀರಾ? ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ, ಅದೂ ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ, ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಭಗವಂತನಿಗೇ ಗೊತ್ತು. ಹಾವು ಹುಳ ಇರೋ ಕತ್ತಲಲ್ಲಿ ಎರಡು ಗಂಟೆಗೆ ಎದ್ದು ಸ್ವಿಚ್ ಹಾಕೋ ಬದಲು ಆಟೋ ಸ್ಟಾರ್ಟರ್ ಹಾಕಿ ಬಿಡ್ತಾರೆ. ಕರೆಂಟ್ ಬಂದರೆ ಮೋಟರ್ ಓಡುತ್ತೆ, ಬೇಕೋ ಬೇಡವೋ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಪುಕ್ಕಟೆ. ಅದರ ಸಬ್ಸಿಡಿ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿ ದಾಟಿದೆ. ಮೀಟರ್ ಹಾಕ್ತೀವಿ ಅಂದರೆ ಯಾವ ಪಕ್ಷದ ಸರ್ಕಾರವೂ ಉಳಿಯಲ್ಲ ಅನ್ನೋ ಭಯ ಎಲ್ಲರಿಗೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಬಿಲ್ ಕೇಳದೆ ಅಳತೆಗಷ್ಟೇ ಮೀಟರ್ ಹಾಕಿ, ಹಗಲು ಹೊತ್ತು ಭರವಸೆಯ ಕರೆಂಟ್ ಕೊಟ್ಟರೆ ಅರ್ಧ ಜಗಳ ಮುಗಿಯುತ್ತೆ. ಆದರೆ ಮೀಟರ್ ಬಂದರೆ ನಾಳೆ ಬಿಲ್ಲೂ ಬರುತ್ತೆ ಅಂತ ರೈತರಿಗೆ ಅನುಮಾನ. ನಮ್ಮ ಸರ್ಕಾರಗಳ ಚರಿತ್ರೆ ನೋಡಿದರೆ ಆ ಅನುಮಾನಕ್ಕೆ ಕಾರಣ ಇದೆ.

ಈಗ ನಮ್ಮ ಬೀದಿಗೇ ಬನ್ನಿ. ಆರ್.ಟಿ. ನಗರ, ಗಂಗಾನಗರದ ಕಡೆಯ ಕೊಳಚೆ ಇಳಿಯೋದು ಹೆಬ್ಬಾಳ ಕಣಿವೆಗೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆ, ಜನ ಎಚ್.ಎನ್. ವ್ಯಾಲಿ ಅಂತಾರಲ್ಲ, ಅದರಡಿ ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನ ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಪಂಪ್ ಮಾಡೋ ಲೆಕ್ಕ. ಇದಕ್ಕೂ ಮೊದಲು ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರಕ್ಕೆ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಜನ ಪೂಜೆ ಮಾಡಿದರು, ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಅವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡರಲ್ಲೂ ತಡೆಯಾಜ್ಞೆ ಬಂತು, ತೆರವೂ ಆಯ್ತು. ಬತ್ತಿದ್ದ ಬೋರ್‌ಗಳಲ್ಲಿ ನೀರು ಬಂತು ಅನ್ನೋದನ್ನ ವಿರೋಧ ಮಾಡಿದವರೂ ಅಲ್ಲಗಳೆಯಲ್ಲ. ಅವರ ಪ್ರಶ್ನೆ ಬೇರೆ: ಬಂದದ್ದು ಎಂಥ ನೀರು?

ಈ ಪ್ರಶ್ನೆ ಸಣ್ಣದಲ್ಲ. ಸಂಸ್ಕರಣೆಯಲ್ಲಿ ಎರಡನೇ ಹಂತ ಅಂದರೆ ಬ್ಯಾಕ್ಟೀರಿಯಾ ಬಿಟ್ಟು ಕೊಳಚೆಯ ಕೊಳೆಯೋ ಅಂಶ ತಿನ್ನಿಸೋದು. ಮೂರನೇ ಹಂತದಲ್ಲಿ ಸಾರಜನಕ, ರಂಜಕ, ಸಣ್ಣ ಕಣ, ರೋಗಾಣುಗಳನ್ನ ಇನ್ನೂ ಚೆನ್ನಾಗಿ ತೆಗೀತಾರೆ. ಈ ಎರಡೂ ಯೋಜನೆಗಳು ನಿಂತಿರೋದು ಎರಡನೇ ಹಂತದ ಮೇಲೆ. ಕೆರೆಗೆ ಬಂದ ನೀರು ಇಂಗಿಸೋಕೆ ಮಾತ್ರ, ನೇರ ಪಂಪ್ ಹಚ್ಚಿ ಹೊಲಕ್ಕೆ ಬಿಡೋ ಹಾಗಿಲ್ಲ ಅನ್ನೋದು ನಿಯಮ. ಬತ್ತಿದ ಕೆರೆ ಕಣ್ಣೆದುರು ತುಂಬಿ ನಿಂತಾಗ ಆ ನಿಯಮ ಎಷ್ಟು ದಿನ ನಿಲ್ಲುತ್ತೆ ಅಂತ ನೀವೇ ಊಹಿಸಿ. ಆಮೇಲೆ ನಗರದವರ ದೂರು ಶುರು: "ಚಿಕ್ಕಬಳ್ಳಾಪುರದ ತರಕಾರಿ ಮೋರಿ ನೀರಲ್ಲಿ ಬೆಳೀತಾರಂತೆ!" ಸ್ವಾಮಿ, ಆ ಮೋರಿ ಯಾರದ್ದು? ನೀರು ಖಾಲಿ ಮಾಡ್ತಾರೆ ಅಂತ ಬೈದಿದ್ದೂ ಅವರನ್ನೇ, ನಾವು ಕೊಳೆ ಮಾಡಿದ ನೀರನ್ನ ಇಂಗಿಸಿಕೊಂಡಿದ್ದೂ ಅವರೇ, ಅದೇ ನೀರಿನ ಸೊಪ್ಪು ಕೊಳ್ಳುವಾಗ ಮೂಗು ಮುರಿಯೋದೂ ಅವರ ಮುಂದೆಯೇ. ಮೂರನೇ ಹಂತದ ಖರ್ಚು ನ್ಯಾಯವಾಗಿ ಬೀಳಬೇಕಾದ್ದು ನಮ್ಮ ನೀರಿನ ಬಿಲ್ ಮೇಲೆ. ಇದನ್ನ ಹೇಳಿದರೆ ನನ್ನ ಅಕ್ಕಪಕ್ಕದ ಮನೆಯವರೇ ನಾಳೆ ಮಾತು ಬಿಡಬಹುದು.

ಹಾಗಾದರೆ ಕೊಳವೆಬಾವಿ ನೀರಲ್ಲಿ ಭತ್ತ ಬೆಳೆಯೋರಿಗೆ "ರಾಗಿ ಬೆಳೀರಿ, ಮಳೆಯಲ್ಲೇ ಆಗುತ್ತೆ" ಅಂತ ಹೇಳಬಹುದಾ? ಕೃಷಿ ಮೇಳದಲ್ಲಿ ವರ್ಷಾವರ್ಷ ಹೇಳ್ತಾರೆ. 2024-25ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,300. ಕಾಗದದ ಮೇಲೆ ರಾಗಿ ಗೆದ್ದಿತು. ಹೊಲದಲ್ಲಿ ನೀರಿದ್ದರೆ ಭತ್ತದ ಇಳುವರಿ ಬೇರೆ, ಖರೀದಿ ಕೇಂದ್ರದ ಸಾಲು ಬೇರೆ, ನೋಂದಣಿಯ ಮಿತಿ ಬೇರೆ. ಟೊಮೆಟೊ 2023ರ ಜುಲೈನಲ್ಲಿ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಅದನ್ನ ಕಣ್ಣಾರೆ ಕಂಡವರು ರಾಗಿಗೆ ಯಾಕೆ ವಾಪಸ್ ಹೋಗ್ತಾರೆ? ಇಂಥ ಬೆಳೆ ಬೆಳೆದರೆ ಇಷ್ಟು ನೀರು ನೆಲದಲ್ಲಿ ಉಳೀತು, ಆ ಉಳಿದದ್ದಕ್ಕೆ ಇಷ್ಟು ಹಣ ಅಂತ ಯಾರಾದರೂ ಕೊಟ್ಟರೆ ಆ ಮಾತು ಬೇರೆ.

ಕೊಡೋಕೆ ಮೊದಲು ಅಳೀಬೇಕಲ್ಲ, ಹೊಲದಿಂದ ಎಷ್ಟು ಆವಿ ಹೋಯ್ತು ಅಂತ ಅಳೆಯೋದು ಹೇಗೆ ಅನ್ನಬಹುದು. ಉಪಗ್ರಹದಿಂದ ಅಳೀಬಹುದು. ಬೆಳೆ ಆವಿ ಬಿಡುವಾಗ ಹೊಲ ತಂಪಾಗಿರುತ್ತೆ, ನೀರಿಲ್ಲದ ಹೊಲ ಕಾದಿರುತ್ತೆ. ಮೇಲಿಂದ ತೆಗೆದ ಉಷ್ಣತೆಯ ಚಿತ್ರದಲ್ಲಿ ಆ ವ್ಯತ್ಯಾಸ ಕಾಣುತ್ತೆ, ಅದರಿಂದ ಆವಿಯಾದ ನೀರನ್ನ ಅಂದಾಜು ಮಾಡ್ತಾರೆ. ಬೇರೆ ದೇಶಗಳಲ್ಲಿ ಈ ಕೆಲಸ ಈಗಾಗಲೇ ನಡೀತಿದೆ. ನಮ್ಮಲ್ಲಿ ಉಪಗ್ರಹ ಹಾರಿಸೋ ಇಸ್ರೋದ ಮುಖ್ಯ ಕಚೇರಿ ಆರ್.ಟಿ. ನಗರದಿಂದ ಆಟೋದಲ್ಲಿ ಹೋಗೋ ದೂರದಲ್ಲಿ, ನ್ಯೂ ಬಿಇಎಲ್ ರಸ್ತೆಯಲ್ಲೇ ಇದೆ. ಮುಂದಿನ ಬಜೆಟ್‌ನಲ್ಲಿ ಡ್ರಿಪ್‌ಗೆ ಎಷ್ಟು ಕೋಟಿ ಅನ್ನೋ ಸಾಲು ಬಂದಾಗ, ಅದರ ಕೆಳಗೆ ಈ ಅಳತೆಗೆ ಎಷ್ಟು ಅಂತಲೂ ಹುಡುಕಿ ನೋಡಿ.