ನಿಮಗಿದು ಗೊತ್ತೆ? ಕಡಲಂಚಿನ ಮರುಭೂಮಿಯಲ್ಲಿ ನಮ್ಮ ಹತ್ತಿಯ ಬಳಗ

ಧಾರವಾಡ ಸೀಮೆಯ ಶಲವಡಿಯ ಎರೆಹೊಲದಲ್ಲಿ ಅರಳುವ ಹತ್ತಿಗೆ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಕಾಡು ಬಂಧುಗಳಿವೆ! ಒಂದು ಬದಿಗೆ ಪೆಸಿಫಿಕ್ ಸಾಗರ, ಇನ್ನೊಂದು ಬದಿಗೆ ಕ್ಯಾಲಿಫೋರ್ನಿಯಾ ಕೊಲ್ಲಿ. ನಡುವೆ ಸುಮಾರು 1,200 ಕಿ.ಮೀ. ಉದ್ದಕ್ಕೆ ಚಾಚಿದ ಒಣ ಪರ್ಯಾಯ ದ್ವೀಪವಿದು. ಅದರ ಉದ್ದಕ್ಕೂ ಸಾಗುವ ಹೆದ್ದಾರಿ ಪೂರ್ಣಗೊಂಡದ್ದು 1973ರಲ್ಲಿ. ಉತ್ತರದ ಟಿಹುವಾನಾದಿಂದ ಹೊರಟರೆ ಕಳ್ಳಿಗಳೇ ತುಂಬಿದ ಮರುಭೂಮಿ, ಗೆರೆರೊ ನೆಗ್ರೊದ ಉಪ್ಪಿನಾಗರ, ಖರ್ಜೂರದ ತೋಪಿನ ಮುಲೆಹೆ, 1697ರಲ್ಲಿ ನೆಲೆಗೊಂಡ ಲೊರೆಟೊ ಪಟ್ಟಣ ಸಿಗುತ್ತವೆ. ಕೊನೆಗೆ ಕಾಬೊ ಸಾನ್ ಲುಕಾಸ್‌ನ ಮರಳದಂಡೆ.

ಮಳೆ ಅಪರೂಪವಾದ ಇಲ್ಲಿನ ಕಲ್ಲುನೆಲದಲ್ಲಿ ಬೆಳೆಯುವ ಕಾಡುಹತ್ತಿಗಳಲ್ಲೊಂದು ಗಾಸಿಪಿಯಂ ಹಾರ್ಕ್‌ನೆಸಿ. ಬಿಡಿಸಿ ನೂಲುವಂಥ ಅರಳೆ ಇದರಲ್ಲಿಲ್ಲ. ಆದರೂ ತಳಿ ವಿಜ್ಞಾನಿಗಳಿಗೆ ಇದು ಬಲು ಬೆಲೆಯುಳ್ಳದ್ದು. ಇದರ ಜೀವಕೋಶ ದ್ರವ್ಯವನ್ನು ಬೆಳೆಹತ್ತಿಗೆ ತಂದಾಗ ಹೂವಿನಲ್ಲಿ ಪರಾಗವೇ ಬೆಳೆಯದ ತಳಿ ಸಿಕ್ಕಿತು. ಅಂಥ ಗಿಡದಲ್ಲಿ ಹೈಬ್ರಿಡ್ ಬೀಜ ಮಾಡಲು ಮೊಗ್ಗು ಬಿಡಿಸಿ ಕೇಸರ ಕೀಳಬೇಕಿಲ್ಲ. ನಮ್ಮ ಬೀಜೋತ್ಪಾದನೆಯ ಹೊಲಗಳಲ್ಲಿ ಆ ನಾಜೂಕು ಕೆಲಸವನ್ನು ಸಾಲುಸಾಲಾಗಿ ಕೈಯಿಂದಲೇ ಮಾಡುವವರು ಹೆಣ್ಣುಮಕ್ಕಳು; ಅವರ ಬೆರಳುಗಳ ಶ್ರಮಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಇನ್ನೂ ಸಂದಿಲ್ಲ. 1972ರಲ್ಲಿ ಧಾರವಾಡದ ಡಾ. ಬಿ.ಎಚ್. ಕಟರ್ಕಿ ರೂಪಿಸಿದ ಹೆಸರಾಂತ ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯ ಬೀಜವೂ ತಯಾರಾಗುತ್ತಿದ್ದುದು ಹೀಗೆ ಕೈಯಿಂದ ಮಾಡುವ ಪರಾಗಸ್ಪರ್ಶದಿಂದಲೇ.