ಚರಗದ ಬುಟ್ಟಿಯೊಳಗೆ ಏನೇನೈತಿ?

ಎಳ್ಳ ಅಮವಾಸ್ಯೆ ಹತ್ತಿರ ಬಂತು. ಆ ದಿನ ಸಾಲಿಯಲ್ಲಿ ಅರ್ಧ ಬೆಂಚು ಖಾಲಿ ಇರುತ್ತವೆ. ಎಲ್ಲಿ ಹೋಗಿರುತ್ತೇವೆ ಎಂಬುದು ಗುರುಗಳಿಗೂ ಗೊತ್ತು. ಹೊಲಕ್ಕೆ, ಚರಗ ಚೆಲ್ಲಲಿಕ್ಕೆ. ಆದರೆ ಚರಗ ಯಾಕ ಚೆಲ್ತೀವಿ, ಬುಟ್ಟಿಯೊಳಗೆ ಇಂಥಾದ್ದೇ ಅಡಿಗಿ ಯಾಕ ಇರಬೇಕು ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಬಹಳ ಮಂದಿ “ಪದ್ಧತಿ” ಎಂದು ಹೇಳಿ ಸುಮ್ಮನಾಗುತ್ತೇವೆ. ನಾನು ನಮ್ಮ ಆಯಿಯನ್ನು ಕೇಳಿ, ಅಡಿಗಿ ಮನ್ಯಾಗ ಕುಂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ವರ್ಷಕ್ಕೆ ಎರಡು ಸಲ ಚರಗ ಬರುತ್ತದೆ. ಒಂದು ಆಶ್ವೀಜ ಮಾಸದ ಶೀಗಿ ಹುಣ್ಣಿಮೆಗೆ, ಅಂದರೆ ಬನ್ನಿ ಕೊಟ್ಟು ತಗೊಂಡ ಐದು ದಿನಕ್ಕೆ. ಇನ್ನೊಂದು ಮಾರ್ಗಶಿರದ ಎಳ್ಳ ಅಮವಾಸ್ಯೆಗೆ. ಶೀಗಿ ಹುಣ್ಣಿಮೆ ಮುಂಗಾರಿ ಬೆಳೆಗೆ, ಎಳ್ಳ ಅಮವಾಸ್ಯೆ ಹಿಂಗಾರಿ ಬೆಳೆಗೆ. ನಮ್ಮ ಅತ್ತಿಯ ಊರು ಕಲಘಟಗಿ ಕಡೆಗೆ. ಅದು ಮಲೆನಾಡಿನ ಸೆರಗು, ಭತ್ತದ ನಾಡು. ಅಲ್ಲಿ ಶೀಗಿ ಹುಣ್ಣಿಮೆಯೇ ದೊಡ್ಡದು. ನಮ್ಮ ಅಣ್ಣಿಗೇರಿ, ನವಲಗುಂದ ಕಡೆಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳ, ಕಡ್ಲಿ, ಗೋಧಿ, ಕುಸುಬಿ ಮುಖ್ಯ. ಅದಕ್ಕೆ ನಮಗೆ ಎಳ್ಳ ಅಮವಾಸ್ಯೆ ಹೆಚ್ಚು.

ಈಗ ಮುಖ್ಯ ಮಾತು. ಆಯಿ ಹೇಳುವ ಪ್ರಕಾರ ಚರಗ ಅಂದರೆ ಭೂಮಿತಾಯಿಗೆ ಮಾಡುವ ಕುಬಸ. ನಮ್ಮ ಮನೆಗಳಲ್ಲಿ ಚೊಚ್ಚಲ ಬಸರಿಗೆ ತವರಿನವರು ಕುಬಸದ ಬಟ್ಟಿ, ಸೀರಿ ತರುತ್ತಾರೆ, ಬುಟ್ಟಿ ತುಂಬ ಅಡಿಗಿ ತಂದು ಅವಳ ಬಯಕೆ ತೀರುವಂತೆ ಉಣಿಸುತ್ತಾರೆ. ಹೊಲಕ್ಕೂ ಹಾಗೆಯೇ. ಶೀಗಿ ಹುಣ್ಣಿಮೆಯ ಸುಮಾರಿಗೆ ಭತ್ತ ಹೊಡೆ ಆಗಿರುತ್ತದೆ, ತೆನೆ ಇನ್ನೂ ದಂಟಿನ ಹೊಟ್ಟೆಯೊಳಗೇ ಇರುತ್ತದೆ. ಎಳ್ಳ ಅಮವಾಸ್ಯೆಗೆ ನಮ್ಮ ಜೋಳದ್ದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಕಡ್ಲಿ ಹೂವು ಬಿಟ್ಟು ಗುಳ್ಳಿ ಕಟ್ಟುತ್ತಿರುತ್ತದೆ. ಕಾಳು ಕೈಗೆ ಬಂದ ಮೇಲೆ ಮಾಡುವ ಹಬ್ಬ ಇದಲ್ಲ ಎಂಬುದನ್ನು ಗಮನಿಸಿರಿ. ಬೆಳೆ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಉಣಿಸುವುದು.

ಹಾಗಾದರೆ ಉಣಿಸುವುದು ಏನನ್ನು? ಇದನ್ನು ನಾನು ಬುಟ್ಟಿ ತುಂಬುವಾಗ ಒಂದೊಂದಾಗಿ ನೋಡಿದೆ. ಸಜ್ಜಿ ರೊಟ್ಟಿ, ಅದಕ್ಕೆ ಹಚ್ಚಿದ ಎಳ್ಳು. ಜೋಳದ ರೊಟ್ಟಿ. ಗುರೆಳ್ಳ ಚಟ್ನಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಎಣಗಾಯಿ, ಪುಂಡಿ ಪಲ್ಯ, ಹೆಸರುಕಾಳು ಪಲ್ಯ. ನಾಕೈದು ದಿನ ಮೊದಲೇ ಹಾಕಿಟ್ಟ ಕರಿಂಡಿ. ಶೇಂಗಾ ಹೋಳಿಗಿ, ಕಡಬು, ಮಾದಲಿ, ಮೊಸರ ಬಾನ. ಸಜ್ಜಿ, ಎಳ್ಳು, ಗುರೆಳ್ಳು, ಹೆಸರು, ಶೇಂಗಾ ಇವೆಲ್ಲ ಮುಂಗಾರಿಯಲ್ಲಿ ಬಂದ ಬೆಳೆಗಳು. ಮುಂಗಾರಿಯಲ್ಲಿ ಹೊಲ ನಮಗೆ ಕೊಟ್ಟದ್ದನ್ನೇ ಅಡಿಗಿ ಮಾಡಿ ಒಯ್ದು, ಹಿಂಗಾರಿಯ ಬಸರಿಗೆ ಉಣಿಸುತ್ತೇವೆ. ಅವಳದನ್ನು ಅವಳಿಗೇ ಕೊಡುವುದು. ಆದರೆ ಹಸೀದನ್ನಲ್ಲ, ನಮ್ಮ ಮನಿ ಹೆಣ್ಣಮಕ್ಕಳ ಕೈಯಿಂದ ಬೇಯಿಸಿ.

ಕೈಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸಜ್ಜಿ ಹಿಟ್ಟನ್ನು ಅವ್ವ ಎಂದೂ ಮೊದಲೇ ಬೀಸಿಸಿ ಇಡುವುದಿಲ್ಲ. ಸಜ್ಜಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ಹಿಟ್ಟು ಬೇಗ ಕಹಿ ಆಗುತ್ತದೆ. ಹಬ್ಬ ಎರಡು ದಿನ ಇದ್ದಾಗ ಗಿರಣಿಗೆ ಓಡುವುದು ನನ್ನ ಕೆಲಸ. ಜೋಳದ ಹಿಟ್ಟಿನ ಗುಣ ಬೇರೆ. ಅದಕ್ಕೆ ಗೋಧಿಯಂತೆ ಜಿಗಿ ಇಲ್ಲ. ತಣ್ಣೀರು ಹಾಕಿ ನಾದಿದರೆ ಬಡಿಯುವಾಗಲೇ ಹರಿದುಹೋಗುತ್ತದೆ. ಅದಕ್ಕೆ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಹಿಟ್ಟು ಅರ್ಧ ಬೆಂದು ಒಂದಕ್ಕೊಂದು ಹಿಡಿಯುತ್ತದೆ. ಆ ಬಿಸಿ ಹಿಟ್ಟನ್ನು ಬರಿಗೈಯಿಂದ ನಾದಬೇಕು. ನಾನು ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ತಗೊಂಡೆ. ಅವ್ವ ನಕ್ಕು, “ನಿನಗ ತಿನ್ನಾಕಷ್ಟ ಬರತೈತಿ” ಅಂದಳು. ಚರಗದ ಹಿಂದಿನ ದಿನ ನಮ್ಮ ಮನ್ಯಾಗ ನೂರರ ಮ್ಯಾಲೆ ರೊಟ್ಟಿ ಆಗುತ್ತವೆ. ಅವ್ವ, ಚಿಗವ್ವ ಇಬ್ಬರೇ ಒಲಿ ಮುಂದ. ಹಬ್ಬದ ದಿನ ನಸುಕಿನ್ಯಾಗ ಮೂರು ಗಂಟೆಗೆ ಎದ್ದು ಮತ್ತೆ ಹೋಳಿಗಿಗೆ ಕೂಡುತ್ತಾರೆ.

ಎಣಗಾಯಿ ಮಾಡುವ ರೀತಿ ಎಲ್ಲರಿಗೂ ಗೊತ್ತಿದ್ದರೂ ಬರೆಯುತ್ತೇನೆ, ಯಾಕೆಂದರೆ ಅದು ನನಗೆ ಬಹಳ ಸೇರುತ್ತದೆ. ಸಣ್ಣ ಎಳೆ ಬದನಿಕಾಯಿ ಆರಿಸಿ, ತೊಟ್ಟು ಬಿಡದೆ ನಾಲ್ಕು ಸೀಳು ಮಾಡಬೇಕು. ಹುರಿದ ಶೇಂಗಾ, ಗುರೆಳ್ಳು, ಎಳ್ಳು, ಒಣಕೊಬ್ಬರಿ ಕುಟ್ಟಿ, ಖಾರ, ಉಪ್ಪು, ಹುಣಸಿ ಹುಳಿ, ಬೆಲ್ಲ ಕಲಸಿ ಅದರೊಳಗೆ ತುಂಬಬೇಕು. ಮ್ಯಾಲೆ ಎಣ್ಣೆ ತೇಲುವತನಕ ಸಣ್ಣ ಉರಿಯಲ್ಲಿ ಬೇಯಬೇಕು. ಗುರೆಳ್ಳು ಇಲ್ಲದ ಎಣಗಾಯಿ ಎಣಗಾಯಿಯೇ ಅಲ್ಲ ಅಂತ ಆಯಿಯ ವಾದ. ನಾನೂ ಅದೇ ಪಕ್ಷದಾಕೆ.

ಹೊಲ ಮುಟ್ಟಿದ ಮೇಲೆ ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಪಾಂಡವರು ಎಂದು ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ, ಎಡಿ ಹಿಡಿಯುತ್ತೇವೆ. ಆಮೇಲೆ ಎಲ್ಲ ಅಡಿಗಿಯನ್ನೂ ಸ್ವಲ್ಪ ಸ್ವಲ್ಪ ಕಲಸಿ, ಒಬ್ಬರು ಚರಗ ಚೆಲ್ಲುತ್ತಾ ಮುಂದೆ ಹೋದರೆ ಇನ್ನೊಬ್ಬರು ನೀರು ಚಿಮುಕಿಸುತ್ತಾ ಹಿಂದೆ ಹೋಗುತ್ತಾರೆ. “ಹುಲ್ಲುಲ್ಲಿಗೋ” ಎಂದು ಕೂಗುವುದು ನಮ್ಮ ಪಾಲು. ಇದರ ಅರ್ಥವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದವು ಕಡ್ಲಿಯ ಕಾಯಿಕೊರಕ ಹುಳವನ್ನೂ ತಿನ್ನುತ್ತವೆ ಎಂದು ಕೆಲವರು ಹೇಳುತ್ತಾರೆ. ಇದು ಸುಳ್ಳಲ್ಲ. ಹಕ್ಕಿ ಕೂಡಲಿ ಎಂದೇ ಕಡ್ಲಿ ಹೊಲದಲ್ಲಿ ಕವಲು ಕಟ್ಟಿಗಿ ನೆಡುವುದನ್ನು ನೀವು ನೋಡಿರಬಹುದು. ಆದರೆ ಒಂದು ದಿನದ ಚರಗಕ್ಕೆ ಹುಳ ಹೋಗಿಬಿಡುತ್ತವೆ ಎಂದು ನಾನು ಬರೆಯಲಾರೆ.

ನನಗೆ ಹೆಚ್ಚು ಚಂದ ಕಾಣುವುದು ಆಮೇಲಿನ ಊಟ. ಮನ್ಯಾಗ ಅವ್ವ ಯಾವಾಗಲೂ ಕಡೀಕೆ ಉಣ್ಣಾಕಿ. ಎಲ್ಲರಿಗೂ ನೀಡಿ, ಬುಟ್ಟ್ಯಾಗ ಉಳಿದದ್ದನ್ನು ಒಲಿ ಹತ್ತಿರ ಕುಂತು ಉಣ್ಣುತ್ತಾಳೆ. ಹೊಲದಾಗ ಒಲಿ ಇಲ್ಲ, ಅಡಿಗಿ ಮನಿ ಇಲ್ಲ. ಎಲ್ಲರೂ ಒಂದೇ ಸುತ್ತಿನಲ್ಲಿ ಕೂಡಬೇಕು. ಕಳೆ ತಗಿಯಾಕ ಬರುವ ಕಾಕೂಗಳು, ಬದುವಿನ ಆಚೆ ಹೊಲದವರು, ಹಾದಿಯಲ್ಲಿ ಹೋಗುವವರು, ಯಾರಾದರೂ ಸರಿ, ಕರೆದು ಕೂಡಿಸಬೇಕು. ಬದುವಿನ ಸಲುವಾಗಿ ವರ್ಷವಿಡೀ ಮಾತು ಬಿಟ್ಟವರೂ ಅವತ್ತು ನಮ್ಮ ರೊಟ್ಟಿ ತಗೊಂಡು ತಮ್ಮ ಕರಿಂಡಿ ಕೊಡುತ್ತಾರೆ. (ಮರುದಿನ ಮತ್ತೆ ಮಾತಿಲ್ಲ. ಆ ಮಾತು ಬ್ಯಾರೆ.) ಅಪ್ಪ ಅವತ್ತು ಅವ್ವನಿಗೆ ಹೋಳಿಗಿ ನೀಡುತ್ತಾನೆ. ಮನ್ಯಾಗ ನೀಡಿದ್ದನ್ನು ನಾನು ನೋಡಿಲ್ಲ.

ಹೀಗೆ ಕೃತಜ್ಞತೆಗೆಂದೇ ಒಂದು ಊಟದ ಹಬ್ಬ ಬೇರೆ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಕುಟುಂಬದವರೆಲ್ಲ ಕೂಡಿ ಉಣ್ಣುತ್ತಾರೆ. ಈ ದಿನವನ್ನು 1941ರಲ್ಲಿ ಕಾನೂನು ಮಾಡಿ ಗೊತ್ತುಪಡಿಸಿದರು. ಟರ್ಕಿ ಕೋಳಿ, ಕುಂಬಳಕಾಯಿಯ ಸಿಹಿ ಅವರ ಅಡಿಗಿ. ನಮಗೂ ಅವರಿಗೂ ಏನು ಸಂಬಂಧ ಅನ್ನಬೇಡಿರಿ. ನಮ್ಮ ಬುಟ್ಟಿಯ ಶೇಂಗಾ, ಕುಂದಗೋಳ ಕಡೆ ಬೆಳೆಯುವ ಮೆಣಸಿನಕಾಯಿ, ಈಗ ಎಲ್ಲಾ ಹೊಲದಲ್ಲೂ ಕಾಣುವ ಗೋವಿನಜೋಳ, ಈ ಮೂರೂ ಅಮೆರಿಕ ಖಂಡಗಳಿಂದ ಬಂದವು. ಪೋರ್ಚುಗೀಸರು 1498ರಲ್ಲಿ ಭಾರತಕ್ಕೆ ಬಂದ ಮೇಲೆ ಒಂದೊಂದಾಗಿ ನಮ್ಮ ನೆಲಕ್ಕೆ ಇಳಿದವು. ಅದಕ್ಕಿಂತ ಮೊದಲು ನಮ್ಮ ಹಿರಿಯರ ಚರಗದಲ್ಲಿ ಶೇಂಗಾ ಹೋಳಿಗಿ ಇರಲಿಕ್ಕೆ ಸಾಧ್ಯವೇ ಇಲ್ಲ. ಬುಟ್ಟಿಯೊಳಗಿನದು ಬದಲಾಗುತ್ತದೆ ಎಂಬುದಕ್ಕೆ ಈ ಮಾತು ಹೇಳಿದೆ.

ಈಗ ಆಗುತ್ತಿರುವ ಬದಲಾವಣೆ ಮಾತ್ರ ಆಯಿಗೆ ಸೇರಿಲ್ಲ. ಮೊದಲು ಹೊಲದಾಗ ಅಕ್ಕಡಿ ಬಿತ್ತುತ್ತಿದ್ದರು. ಮುಖ್ಯ ಬೆಳೆಯ ನಡುವೆ ಇಷ್ಟು ಸಾಲಿಗೆ ಒಂದು ಸಾಲು ಬೇರೆ ಬೆಳೆ. ಗುರೆಳ್ಳು, ಪುಂಡಿ, ಅಲಸಂದಿ, ಅಗಸಿ, ಎಲ್ಲವೂ ಹಾಗೇ ಬರುತ್ತಿದ್ದವು. ಜೋಳದ ಸುತ್ತ ಕುಸುಬಿ ಹಾಕುತ್ತಿದ್ದರು. ಅದರ ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ, ಮೇಲೆ ಮನಿಗೆ ಎಣ್ಣೆಯೂ ಆಗುತ್ತಿತ್ತು. ಅಕ್ಕಡಿಯ ಕಾಳು ಮಾರಾಟಕ್ಕಲ್ಲ. ಅದು ಅಡಿಗಿ ಮನಿಯ ಪಾಲು, ಹೆಣ್ಣಮಕ್ಕಳ ಕೈಯೊಳಗಿನದು. ಈಗ ನಮ್ಮ ಹೊಲದಾಗ ಮುಂಗಾರಿಗೆ ಬರೇ ಹತ್ತಿ, ಗೋವಿನಜೋಳ. ಅಪ್ಪನದೂ ತಪ್ಪಿಲ್ಲ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗಿಗೆ ರೊಕ್ಕ ಬೇಕು, ಅಕ್ಕಡಿಯಿಂದ ರೊಕ್ಕ ಬರೂದಿಲ್ಲ. ಆದರೆ ಹೋದ ವರ್ಷ ಗುರೆಳ್ಳನ್ನು ಕಿರಾಣಿ ಅಂಗಡಿಯಿಂದ ತಂದಾಗ ಆಯಿ ಪೊಟ್ಟಣ ಬಿಚ್ಚುತ್ತಾ, “ಅಕೀದನ್ನ ಅಕಿಗೆ ಕೊಡೂದು ಹೋಗಿ, ಸಾಲಾ ತಂದು ಉಣಿಸೂದಾತು” ಅಂದಳು. ಅವತ್ತು ಎಣಗಾಯಿ ರುಚಿಯಾಗಿಯೇ ಇತ್ತು. ಆದರೂ ಆ ಮಾತು ನನ್ನ ತಲಿಯೊಳಗೆ ಕುಂತಿದೆ.

2023ನೇ ಇಸವಿಯ ಬರಗಾಲ ಎಲ್ಲರಿಗೂ ನೆನಪಿದೆ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಸರಕಾರ ಬರಪೀಡಿತ ಎಂದು ಸಾರಿತ್ತು. ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಎಂದು ಘೋಷಿಸಿದ್ದೂ ಅದೇ 2023, ನಮ್ಮ ಸಜ್ಜಿ ಮೊಣಕಾಲೆತ್ತರಕ್ಕೆ ಒಣಗಿ ನಿಂತದ್ದೂ ಅದೇ ವರ್ಷ. ಕಾಕಾ ದುಡಿಯಾಕ ಗೋವಾಕ್ಕೆ ಹೋದ. 2024ರ ಜನವರಿ 11ಕ್ಕೆ ಎಳ್ಳ ಅಮವಾಸ್ಯೆ ಬಂತು. ಅಪ್ಪ ಅಂದ, “ಈ ವರ್ಷ ಬ್ಯಾಡ ಬಿಡವಾ. ಏನ ಬೆಳದೈತಂತ ಚರಗ ಚೆಲ್ಲೂದು?” ಆಯಿ ಸಿಟ್ಟಿಲೆ, “ಬಸರಿ ಹೆಣ್ಣಮಗಳು ಬಡವಾಗ್ಯಾಳಂತ ಯಾರರ ಕುಬಸ ಬಿಡ್ತಾರೇನೋ? ಅಂಥಾಕಿಗೇ ಮೊದಲ ಉಣಿಸಬೇಕು” ಅಂದಳು. ಅಪ್ಪ ಮತ್ತೆ ಮಾತಾಡಲಿಲ್ಲ.

ಕಾಕಾ ಕಳಿಸಿದ ರೊಕ್ಕದಾಗ ಸಂತಿಯಿಂದ ಎರಡು ಸೇರು ಸಜ್ಜಿ, ಒಂದು ಪಾವು ಎಳ್ಳು ತಂದರು. ನೂರು ರೊಟ್ಟಿ ಆಗಲಿಲ್ಲ, ಮೂವತ್ತಾದವು. ಹಿತ್ತಲ ಪುಂಡಿ ಇತ್ತು. ಹೋಳಿಗಿ ಐದೇ ಐದು, ಎಡಿಗೆ ಇಟ್ಟು ಉಳಿದದ್ದನ್ನು ಹರಿದು ಹಂಚಿಕೊಂಡೆವು. ಕಡ್ಲಿ ಇನ್ನೂ ಗೇಣುದ್ದ ಇತ್ತು, ಅದರ ನಡುವೆಯೇ ಚರಗ ಚೆಲ್ಲಿದೆವು. ಆಯಿ ಕಾಕಾನ ಹೆಸರು ತಗೊಂಡು ಒಂದು ಮುಷ್ಟಿ ಹೆಚ್ಚಿಗೆ ಚೆಲ್ಲಿದಳು. ಕಡಕ್ ಮಾಡಿದ ಎಂಟು ರೊಟ್ಟಿ, ಚಟ್ನಿಯನ್ನು ಗೋವಾಕ್ಕೆ ಹೋಗುವವರ ಕೈಯಾಗ ಕಳಿಸಿದಳು. ಕಡಕ್ ರೊಟ್ಟಿಯಲ್ಲಿ ನೀರಿನ ಪಸಿ ಉಳಿಯದ ಕಾರಣ ವಾರಗಟ್ಟಲೆ ಕೆಡುವುದಿಲ್ಲ. ಆ ವರ್ಷ ಕಡ್ಲಿ ಬಂದದ್ದು ಬಿತ್ತಿದ ಬೀಜದಷ್ಟೇ. ಆ ಬೀಜವನ್ನೇ ಮುಂದಿನ ಹಿಂಗಾರಿಗೆ ಬಿತ್ತಿದೆವು.

ಕಡೀಕೆ ಒಂದು ಸೂಚನೆ. ಈ ವರ್ಷ ಹಿತ್ತಲದಾಗ ಆಯಿ ತಾನೇ ಗುರೆಳ್ಳು, ಪುಂಡಿ ಹಾಕಿ ಬೀಜ ಮಾಡಿ ಇಟ್ಟಿದ್ದಾಳೆ. ಬರುವ ಮುಂಗಾರಿಗೆ ಒಂದೆರಡು ಸಾಲು ಅಕ್ಕಡಿ ಹಾಕುವವರು ಮನಿಗೆ ಬಂದು ಒಂದು ಗಿದ್ದನ ಒಯ್ಯಬಹುದು. ಬೆಳೆದ ಮೇಲೆ ಎರಡು ಗಿದ್ದನ ತಂದುಕೊಡಬೇಕು ಎಂದು ಆಯಿಯ ಕರಾರು. ಅಪ್ಪನೂ ಎರಡು ಸಾಲಿಗೆ ಒಪ್ಪಿದ್ದಾನೆ. ಬರುವವರು ಮುಚ್ಚಳ ಇರುವ ಡಬ್ಬಿ ತರ್ರಿ, ಕಾಗದದ ಪೊಟ್ಟಣದಾಗ ಗುರೆಳ್ಳು ಸೋರತಾವ.